9000 ಲುಮೆನ್ ಅಂತ ಬರ್ದಿದೆ, ಟ್ಯೂಬ್‌ಲೈಟ್ ಹಾಕಿದ್ರೆ ಏನೂ ಕಾಣಲ್ಲ. ಗೊತ್ತಿದ್ದೋರು ಬಿಡಿಸಿ ಹೇಳಿ

ಅಡಿಕೆತೋಟ
ನಮ್ಮದು ಸಾಗರದ ಕಡೆ ಒಂದು ಹಳ್ಳಿ. ಯುವಕ ಸಂಘದ ದುಡ್ಡಲ್ಲಿ 11,500 ಕೊಟ್ಟು ಆನ್‌ಲೈನಲ್ಲಿ ಪ್ರೊಜೆಕ್ಟರ್ ತರಿಸಿದ್ವಿ. ಗಣಪತಿ ಹಬ್ಬಕ್ಕೆ ಚಪ್ಪರದಲ್ಲಿ ಸಿನಿಮಾ, ಆಮೇಲೆ ಮ್ಯಾಚು ಅಂತ ಲೆಕ್ಕಾಚಾರ. ಡಬ್ಬಿ ಮೇಲೆ ಇರೋದು ಇಷ್ಟು: 9000 ಲುಮೆನ್, 4ಕೆ ಸಪೋರ್ಟ್, ಕಾಂಟ್ರಾಸ್ಟ್ 10000:1, ಆಟೋ ಕೀಸ್ಟೋನ್, 300 ಇಂಚಿನ ತನಕ ಚಿತ್ರ.

ನಿನ್ನೆ ಸಂಜೆ ಸಂಘದ ಹಾಲ್‌ನಲ್ಲಿ ಹಾಕಿ ನೋಡಿದ್ವಿ. ಲೈಟ್ ಆರಿಸಿದ್ರೆ ಏನೋ ಕಾಣ್ತದೆ. ಹಾಕಿದ್ರೆ ಆಗುಂಬೆ ಮಂಜು. ಮೂಲೆಯಲ್ಲಿ ಅಕ್ಷರ ಕಲಸಿಹೋಗಿದೆ. ಖಜಾಂಚಿ ನನ್ನ ಮುಖ ನೋಡ್ತಾರೆ, ನಾನು ಪ್ರೊಜೆಕ್ಟರ್ ಮುಖ ನೋಡ್ತೀನಿ.

ವಾಪಸ್ ಕೊಡೋಕೆ ಇನ್ನು 4 ದಿನ ಇದೆ. ನಮಗೆ ಬಂದ ಪೀಸೇ ಹಾಳೋ, ಅಥವಾ ಈ ಪದಗಳೇ ನನಗೆ ಅರ್ಥ ಆಗಿಲ್ವೋ?

ಕಬ್ಬಿನಗದ್ದೆ
ಪೀಸ್ ಸರಿಯಾಗೇ ಐತೆ ಗುರು. ಡಬ್ಬಿ ಸರಿಗಿಲ್ಲ.

ಹುಬ್ಬಳ್ಳಿಯಾಂವ
9000 ಲುಮೆನ್ ಅಂದ್ರ ಮದುವಿ ಹಾಲ್‌ನ್ಯಾಗ ಇಬ್ಬರು ಹೊತ್ತು ತರೋ ಯಂತ್ರರೀ ಅದು. ನಿಮ್ಮದರ ತೂಕ ಎಷ್ಟೈತಿ?

ಅಡಿಕೆತೋಟ
ಒಂದೂವರೆ ಕೆಜಿ.

ಹುಬ್ಬಳ್ಳಿಯಾಂವ
ಮುಗೀತು.

ಬೆಳಕಿಂಡಿ
ಬೆಂಗಳೂರಲ್ಲಿ ಆಡಿಯೋ ವಿಡಿಯೋ ಫಿಟ್ಟಿಂಗ್ ಕೆಲಸ ಮಾಡ್ತೀನಿ, ಈ ಕಥೆ ವಾರಕ್ಕೊಂದು ಕೇಳ್ತೀನಿ.

ಡಬ್ಬಿ ಹಿಂದೆ ವ್ಯಾಟ್ ಬರ್ದಿರ್ತಾರೆ, ಅದನ್ನ ನೋಡಿ. ಸಾಮಾನ್ಯವಾಗಿ 60, 75 ಇರುತ್ತೆ. ಮನೇಲಿರೋ 9 ವ್ಯಾಟ್ ಎಲ್‌ಇಡಿ ಬಲ್ಬ್ ಸುಮಾರು 900 ಲುಮೆನ್ ಕೊಡುತ್ತೆ, ಅಂದ್ರೆ ವ್ಯಾಟ್‌ಗೆ 100. ಆ ಲೆಕ್ಕದಲ್ಲಿ 75 ವ್ಯಾಟಿನ ಪೆಟ್ಟಿಗೆ, ಒಂದು ಹನಿ ಬೆಳಕೂ ಸೋರದೆ ಲೆನ್ಸಿಂದ ಆಚೆ ಬಂದ್ರೂ, 7500 ದಾಟಲ್ಲ. ಅದ್ರಲ್ಲೇ ಫ್ಯಾನ್ ತಿರುಗಬೇಕು, ಸ್ಪೀಕರ್ ಕೂಗಬೇಕು.

ಆದ್ರೆ ಬೆಳಕು ಸೋರೋದು ಸ್ವಲ್ಪ ಅಲ್ಲ. ಈ ಅಗ್ಗದ ಯಂತ್ರಗಳ ಒಳಗೆ ಇರೋದು ಅಂಗೈಯಗಲದ ಒಂದೇ ಎಲ್‌ಸಿಡಿ ಗಾಜು, ಹಿಂದೆ ಒಂದು ಎಲ್‌ಇಡಿ. ಗಾಜಿನ ಪೋಲರೈಸರ್ ಅರ್ಧ ಬೆಳಕು ನುಂಗುತ್ತೆ. ಕೆಂಪು ಹಸಿರು ನೀಲಿ ಫಿಲ್ಟರ್‌ಗಳು ಉಳಿದಿದ್ರಲ್ಲಿ ಮೂರರಲ್ಲಿ ಎರಡು ಪಾಲು ತಿಂತಾವೆ. ಅಲ್ಲಿಗೇ ಆರರಲ್ಲಿ ಒಂದು. ಚುಕ್ಕಿಗಳ ನಡುವಿನ ಕಪ್ಪು ಗೆರೆ, ಲೆನ್ಸು, ಎಲ್ಲ ಕಳೆದು ನೂರಕ್ಕೆ ಐದಾರು ಪಾಲು ಗೋಡೆ ಮುಟ್ಟಿದ್ರೆ ಪುಣ್ಯ. ಹೊರಗೆ ಬರೋ ಬೆಳಕು ಬಿಟ್ಟು, ಒಳಗಿನ ದೀಪದ ಬೆಳಕನ್ನೇ ಉಬ್ಬಿಸಿ ಡಬ್ಬಿ ಮೇಲೆ ಬರೀತಾರೆ.

ಸ್ಪೆಕ್ಸ್‌ಗುರು
ಅದಕ್ಕೇ ಆನ್ಸಿ ಲುಮೆನ್ ನೋಡ್ಬೇಕು ಅನ್ನೋದು. ಬರೀ "ಲುಮೆನ್" ಅಂದ್ರೆ ತೂಕದ ಕಲ್ಲಿಲ್ಲದ ತಕ್ಕಡಿ. ಆನ್ಸಿ ಅನ್ನೋ ಅಮೆರಿಕದ ಪದ್ಧತಿ 1992ರದ್ದು. ಪೂರ್ತಿ ಬಿಳಿ ಚಿತ್ರ ಬಿಟ್ಟು ಪರದೆಯನ್ನ 9 ಚೌಕ ಮಾಡಿ, ಪ್ರತಿ ಚೌಕದ ನಡುವೆ ಲಕ್ಸ್ ಮೀಟರ್ ಹಿಡಿದು, ಸರಾಸರಿ ತೆಗೆದು, ಪರದೆಯ ಚದರ ಮೀಟರಿಂದ ಗುಣಿಸ್ತಾರೆ.

ಮೇಷ್ಟ್ರಮ್ಮ
ಲಕ್ಸ್ ಬೇರೆ ಲುಮೆನ್ ಬೇರೆಯಾ? ನಮ್ಮ ಶಾಲೆಗೆ ಕೊಟೇಶನ್ ತರಿಸಿದಾಗ ಒಬ್ಬರು ಲಕ್ಸ್ ಅಂತ ಬರೆದಿದ್ದರು, ಇನ್ನೊಬ್ಬರು ಲುಮೆನ್ ಅಂತ.

ಬೆಳಕಿಂಡಿ
ಬೇರೆ ಮೇಡಂ. ಕೊಡದಲ್ಲಿರೋ ನೀರು ಲುಮೆನ್. ಅದನ್ನ ಅಂಗಳಕ್ಕೆ ಚೆಲ್ಲಿದ್ರೆ ಒಂದೊಂದು ಅಡಿಗೆ ಎಷ್ಟು ಬಿತ್ತು ಅನ್ನೋದು ಲಕ್ಸ್. ಅಂಗಳ ದೊಡ್ಡದಾದಷ್ಟೂ ನೀರು ತೆಳು. ಒಂದು ಚದರ ಮೀಟರಿಗೆ ಒಂದು ಲುಮೆನ್ ಬಿದ್ರೆ ಒಂದು ಲಕ್ಸ್.

120 ಇಂಚಿನ ಚಿತ್ರ ಅಂದ್ರೆ 2.66 ಮೀಟರ್ ಅಗಲ, 1.49 ಎತ್ತರ, ಹತ್ತತ್ರ 4 ಚದರ ಮೀಟರ್. ನಿಮ್ಮ ಯಂತ್ರದಿಂದ 200 ಲುಮೆನ್ ಬರುತ್ತೆ ಅಂತಿಟ್ಕೊಳಿ, ಅದಕ್ಕೆ ಹಂಚಿದ್ರೆ 50 ಲಕ್ಸ್. ಟ್ಯೂಬ್‌ಲೈಟ್ ಹಾಕಿದ ಕೋಣೆಯ ಗೋಡೆ ಮೇಲೆ ಸುಮಾರಾಗಿ 100 ಲಕ್ಸ್ ಬೀಳ್ತಿರುತ್ತೆ. ಅಂದ್ರೆ ಸಿನಿಮಾಗಿಂತ ಟ್ಯೂಬ್‌ಲೈಟೇ ದೊಡ್ಡ ಹೀರೋ.

ಕುಡ್ಲದ_ಮಾಣಿ
ಕೊಡದ ಲೆಕ್ಕ ಲಾಯ್ಕುಂಟು ಮಾರಾಯ್ರೆ. 300 ಇಂಚು ಮಾಡಿದ್ರೆ ಅಂಗಳ ಅಲ್ಲ, ಗದ್ದೆಯೇ ಆಯ್ತು.

ಅಡಿಕೆತೋಟ
ಸರಿ, ನಾನೇ ಅಳೆದು ನೋಡ್ತೀನಿ. ಫೋನಲ್ಲಿ ಲಕ್ಸ್ ಆ್ಯಪ್ ಇದೆ, ನಡೆಯುತ್ತಾ?

ಸ್ಪೆಕ್ಸ್‌ಗುರು
ಫೋನ್ ಸೆನ್ಸರ್ ನಂಬೋ ಹಾಗಿಲ್ಲ. ಅಳತೆ ಅಂದ್ಮೇಲೆ ಅಳತೆ ಥರ ಇರ್ಬೇಕು.

ಬೆಳಕಿಂಡಿ
ನಡೆಯುತ್ತೆ. ತಪ್ಪಿದ್ರೆ ಒಂದಕ್ಕೆ ಎರಡು ತಪ್ಪೀತು. ಇಲ್ಲಿ ಸುಳ್ಳು ಒಂದಕ್ಕೆ ಐವತ್ತರದ್ದು.

ಪದಕೋಶ
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇಷ್ಟೆಲ್ಲ ಇಂಗ್ಲಿಷ್ ಪದ ಬಳಸೋ ಬದಲು ಪ್ರಕ್ಷೇಪಕ, ದೀಪ್ತಿ, ವಿಭೇದನ ಅಂತ ಬಳಸಬಹುದಲ್ವಾ?

ಕಬ್ಬಿನಗದ್ದೆ
ಅಂಗಡೀಲಿ ಹೋಗಿ ಪ್ರಕ್ಷೇಪಕ ಕೊಡಿ ಅಂದ್ರೆ ಕೀಟನಾಶಕ ಕೊಟ್ಟು ಕಳಿಸ್ತಾರೆ ಸ್ವಾಮಿ.

ಪದಕೋಶ
ಹಾಸ್ಯ ಸರಿ. ಆದರೆ ಪದ ಅರ್ಥ ಆಗದೆ ಇರೋದ್ರಿಂದಲೇ ಅಲ್ವಾ ಇವರು 11,500 ಕಳಕೊಂಡಿದ್ದು? "ಕೀಸ್ಟೋನ್" ಅಂದ್ರೆ ಏನು ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ಬೆಳಕಿಂಡಿ
ಕಲ್ಲಿನ ಕಮಾನು ಕಟ್ಟುವಾಗ ನಟ್ಟನಡುವೆ ಒಂದು ಕಲ್ಲು ಕೂರಿಸ್ತಾರಲ್ಲ, ಮೇಲೆ ಅಗಲ, ಕೆಳಗೆ ಕಿರಿದು, ಆ ಕಲ್ಲು. ಪ್ರೊಜೆಕ್ಟರನ್ನ ಓರೆ ಇಟ್ಟು ಮೂತಿ ಮೇಲೆತ್ತಿದ್ರೆ ಚಿತ್ರ ಹಾಗೇ ಆಗುತ್ತೆ.

ಪದಕೋಶ
ಹಾಗಾದ್ರೆ ಮೊರದ ಹಾಗೆ! ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. "ಮೊರದೋಷ" ಅನ್ನೋಣ.

ಹುಬ್ಬಳ್ಳಿಯಾಂವ
ಇದು ಛಲೋ ಆತು. ಪ್ರಕ್ಷೇಪಕ ಬ್ಯಾಡ, ಮೊರ ಇರಲಿ.

ಬೆಳಕಿಂಡಿ
ಮೊರ ನಾನೂ ಇಟ್ಕೋತೀನಿ. ಆದ್ರೆ ಅಡಿಕೆತೋಟದವರೇ, "ಆಟೋ ಕೀಸ್ಟೋನ್" ಅಂತ ಹಿಗ್ಗಬೇಡಿ. ಅದು ಮೊರವನ್ನ ನೆಟ್ಟಗೆ ಮಾಡೋದು ಚಿತ್ರವನ್ನ ಒಳಗೇ ಕುಗ್ಗಿಸಿ. ಅಗಲ ಇರೋ ಕಡೆ ಚುಕ್ಕಿಗಳನ್ನ ಬಿಟ್ಟುಬಿಡುತ್ತೆ, ಉಳಿದ ಚುಕ್ಕಿಗಳಲ್ಲೇ ಚಿತ್ರ ತುರುಕುತ್ತೆ. ಅಕ್ಷರದ ಅಂಚು ಹೋಗುತ್ತೆ. ಬಿಟ್ಟ ಜಾಗವೂ ಪೂರ್ತಿ ಕಪ್ಪಾಗಲ್ಲ, ಚಿತ್ರದ ಸುತ್ತ ಬೂದಿ ಬಣ್ಣದ ಅಂಚು ಕಾಣುತ್ತೆ. ದುಬಾರಿ ಯಂತ್ರಗಳಲ್ಲಿ ಲೆನ್ಸ್ ಶಿಫ್ಟ್ ಇರುತ್ತೆ, ಲೆನ್ಸೇ ಮೇಲೆ ಕೆಳಗೆ ಸರಿಯುತ್ತೆ, ಒಂದು ಚುಕ್ಕಿಯೂ ಹೋಗಲ್ಲ. ಅದಿಲ್ಲದಿದ್ರೆ ಯಂತ್ರವನ್ನ ಪರದೆಗೆ ನೇರ ಇಡೋದೇ ಮದ್ದು.

ಮೇಷ್ಟ್ರಮ್ಮ
4ಕೆ ಸಪೋರ್ಟ್ ವಿಷಯ ಯಾರೂ ಹೇಳಲಿಲ್ಲ.

ಸ್ಪೆಕ್ಸ್‌ಗುರು
4ಕೆ ಸಿಗ್ನಲ್ ಕೊಟ್ರೆ ಬೇಡ ಅನ್ನಲ್ಲ ಅಂತ ಅರ್ಥ, ಅಷ್ಟೇ. ತೋರಿಸೋದು ತನ್ನ ಗಾಜಲ್ಲಿ ಎಷ್ಟು ಚುಕ್ಕಿ ಇದೆಯೋ ಅಷ್ಟೇ. ಅದಕ್ಕೆ "ನೇಟಿವ್ ರೆಸಲ್ಯೂಶನ್" ಅಂತಾರೆ, ಸಣ್ಣಕ್ಷರದಲ್ಲಿ ಎಲ್ಲೋ ಕೆಳಗೆ ಇರುತ್ತೆ, 1280×720 ಅಂತ. ಅಂದ್ಹಾಗೆ ಲಕ್ಷಾಂತರ ಕೊಟ್ಟು ತಗೊಳೋ ಡಿಎಲ್‌ಪಿ (ಗಾಜಿನ ಬದಲು ಪುಟ್ಟ ಕನ್ನಡಿಗಳ ಚಿಪ್ ಇರೋ ಪ್ರೊಜೆಕ್ಟರ್) 4ಕೆ ಕೂಡ ಸುಳ್ಳೇ. ಒಳಗಿರೋ ಚಿಪ್ 1080ಪಿ.

ಡಲ್ಲಾಸ್‌_ಕನ್ನಡಿಗ
ತಡೀರಿ, ಅದು ಪೂರ್ತಿ ಸರಿಯಲ್ಲ. ಆ 0.47 ಇಂಚಿನ ಚಿಪ್ಪಲ್ಲಿ 1920×1080 ಕನ್ನಡಿ ಇರೋದು ನಿಜ. ಆದ್ರೆ ಒಂದೊಂದು ಫ್ರೇಮಿಗೆ ಚಿತ್ರವನ್ನ ನಾಲ್ಕು ಜಾಗಕ್ಕೆ ಕೂದಲೆಳೆಯಷ್ಟು ಸರಿಸಿ ನಾಲ್ಕು ಸಲ ತೋರಿಸ್ತಾರೆ. ನಾಲ್ಕರಿಂದ ಗುಣಿಸಿ ನೋಡಿ, 82,94,400. 3840×2160 ಅಂದ್ರೂ ಅಷ್ಟೇ. ಕಣ್ಣಿಗೆ ಒಟ್ಟಿಗೆ ಕಾಣುತ್ತೆ. ಎರಡೇ ಜಾಗಕ್ಕೆ ಸರಿಸಿ 4ಕೆ ಹೆಸರು ಇಟ್ಕೊಳೋ ಯಂತ್ರಗಳೂ ಇವೆ, ಅವು 41 ಲಕ್ಷಕ್ಕೆ ನಿಲ್ತಾವೆ. ಅವನ್ನ ಬೇಕಾದ್ರೆ ಬೈಯಿರಿ.

ಈ ಕನ್ನಡಿ ಚಿಪ್ ಹುಟ್ಟಿದ್ದು ನಾನಿರೋ ಊರಿನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ, 1987ರಲ್ಲಿ. ಕಂಡುಹಿಡಿದ ಲ್ಯಾರಿ ಹಾರ್ನ್‌ಬೆಕ್ ಅವರಿಗೆ 2015ರಲ್ಲಿ ಆಸ್ಕರ್ ಕೊಟ್ರು. ನಟನೆಗಲ್ಲ, ಚಿಪ್ಪಿಗೆ.

ಸ್ಪೆಕ್ಸ್‌ಗುರು
ಸರಿಸಿ ತೋರಿಸಿದ್ದು ಸರಿಸಿದ್ದೇ. ಪಕ್ಕದ ಚುಕ್ಕಿ ಮೇಲೆ ಅರ್ಧ ಹತ್ತಿ ಕೂರುತ್ತೆ.

ಡಲ್ಲಾಸ್‌_ಕನ್ನಡಿಗ
ಹತ್ತಿ ಕೂರುತ್ತೆ, ಒಪ್ಪಿದೆ. ಎಂಟಡಿ ದೂರ ಕೂತು ಅದನ್ನ ತೋರಿಸಿಕೊಟ್ರೆ ಮಸಾಲೆ ದೋಸೆ ನನ್ನ ಲೆಕ್ಕ.

ಕಬ್ಬಿನಗದ್ದೆ
ಡಲ್ಲಾಸಿಂದ ದೋಸೆ ಪಾರ್ಸಲ್ ಬರೋಷ್ಟರಲ್ಲಿ 8ಕೆ ಬಂದಿರ್ತದೆ.

ಕುಡ್ಲದ_ಮಾಣಿ
ಡಿಎಲ್‌ಪಿ ತಗೊಳ್ಳುವ ಮೊದಲು ಒಂದು ವಿಷಯ ಉಂಟು. ನಮ್ಮನೆಯಲ್ಲಿ ತಂದಾಗ ನನಗೆ ಎಲ್ಲ ಸರಿ ಕಾಣ್ತಿತ್ತು. ಹೆಂಡತಿ ಮಾತ್ರ "ಬಿಳಿ ಅಕ್ಷರ ಅಲ್ಲಾಡುವಾಗ ಕೆಂಪು ನೀಲಿ ಮಿಂಚುತ್ತದೆ, ತಲೆ ನೋಯ್ತದೆ" ಅಂತ ಹೇಳ್ತಿದ್ಲು. ನಾನು ಕನ್ನಡಕದ ಪವರ್ ಜಾಸ್ತಿ ಆಗಿರ್ಬೇಕು ಅಂತ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋದೆ! ಆಮೇಲೆ ಗೊತ್ತಾಯ್ತು, ಅದಕ್ಕೆ ರೇನ್‌ಬೋ ಎಫೆಕ್ಟ್ ಅಂತ ಹೆಸರೇ ಉಂಟಂತೆ.

ಬೆಳಕಿಂಡಿ
ಪಾಪ, ನಿಮ್ಮ ಮನೆಯವರಿಗೆ ಕ್ಷಮೆ ಕೇಳಿ. ಒಂದೇ ಚಿಪ್ಪಿನ ಡಿಎಲ್‌ಪಿಯಲ್ಲಿ ಮೂರು ಬಣ್ಣ ಒಟ್ಟಿಗೆ ಬರಲ್ಲ, ಒಂದಾದ ಮೇಲೊಂದು ಬರುತ್ತೆ. ದೀಪದ ಮುಂದೆ ಬಣ್ಣದ ಗಾಜಿನ ಚಕ್ರ ತಿರುಗ್ತಿರುತ್ತೆ. ಕಣ್ಣು ಸರಕ್ಕನೆ ಹೊರಳಿದಾಗ ಕೆಲವರಿಗೆ ಬಣ್ಣಗಳು ಬಿಡಿಬಿಡಿಯಾಗಿ ಕಾಣ್ತಾವೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬರುವಾಗ ಪರದೆಯ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿ ನೋಡಿ, ಅಂಗಡಿಯಲ್ಲೇ ಗೊತ್ತಾಗುತ್ತೆ. ತ್ರೀ ಎಲ್‌ಸಿಡಿಯಲ್ಲಿ ಈ ಕಾಟ ಇಲ್ಲ. ಬೆಳಕನ್ನ ಮೂರಾಗಿ ಸೀಳಿ, ಮೂರು ಗಾಜು ದಾಟಿಸಿ, ಪ್ರಿಸ್ಮಲ್ಲಿ ಮತ್ತೆ ಕೂಡಿಸ್ತಾರೆ, ಮೂರು ಬಣ್ಣವೂ ಒಂದೇ ಹೊತ್ತಿಗೆ. ಎಪ್ಸನ್ ಮೂರು ಗಾಜಿನ ಯಂತ್ರವನ್ನ 1989ರಲ್ಲೇ ಮಾರಿತ್ತು.

ಇನ್ನೊಂದು. ಕೆಲವು ಡಿಎಲ್‌ಪಿ ಚಕ್ರಗಳಲ್ಲಿ ಬಣ್ಣಗಳ ಜೊತೆ ಒಂದು ಬಿಳಿ ತುಂಡೂ ಇರುತ್ತೆ. ಬಿಳಿ ಪರದೆ ಅಳೆದ್ರೆ ಲುಮೆನ್ ಜಾಸ್ತಿ ಬರುತ್ತೆ, ಬಣ್ಣಗಳು ಮಾತ್ರ ಮಂಕು. ಒಂದು ಮದುವೆಯಲ್ಲಿ ನಾನೇ ಹಾಕಿದ್ದೆ ಅಂಥದ್ದನ್ನ. ಧಾರೆ ಸೀರೆ ಎದುರಿಗೆ ಕುಂಕುಮದಷ್ಟು ಕೆಂಪು, ಪರದೆ ಮೇಲೆ ಹಂಚಿನ ಬಣ್ಣ. ಹುಡುಗಿಯ ಚಿಕ್ಕಮ್ಮ ಬಂದು "ಸೀರೆ ನಾನು ಆರಿಸಿದ್ದು" ಅಂತ ನಿಂತ್ಕೊಂಡ್ರು. ಆವತ್ತಿಂದ ಮದುವೆಗೆ ತ್ರೀ ಎಲ್‌ಸಿಡಿ ಬಿಟ್ಟು ಬೇರೆ ಮುಟ್ಟಿಲ್ಲ.

ರೀಲುರಾಯ
ನಾನು ಟೂರಿಂಗ್ ಟಾಕೀಸಲ್ಲಿ ಆಪರೇಟರ್ ಆಗಿದ್ದವನು. ನಮ್ಮ ಕಾಲದಲ್ಲಿ ಲುಮೆನ್ ಕೇಳಿದವರಿಲ್ಲ, ಆಂಪ್ಸ್ ಎಷ್ಟು ಅಂತ ಕೇಳ್ತಿದ್ವಿ. ಎರಡು ಕಾರ್ಬನ್ ಕಡ್ಡಿ, ಮಧ್ಯೆ ಕಿಡಿ. ಕಡ್ಡಿ ಉರಿದು ಸವೀತಾ ಹೋದ ಹಾಗೆ ನಡುವಿನ ಸಂದು ಅಗಲ ಆಗ್ತದೆ, ಪರದೆ ಹಳದಿ ತಿರುಗ್ತದೆ. ಬೀಡಿ ಹಚ್ಚೋಕೆ ಆಚೆ ಹೋದ್ರೆ ಮುಗೀತು, ಒಳಗಿಂದ ಶಿಳ್ಳೆ ಶುರು. ಆ ಶಿಳ್ಳೆಯೇ ನಮ್ಮ ಲಕ್ಸ್ ಮೀಟರು.

2000 ಅಡಿ ರೀಲು 22 ನಿಮಿಷ ಬರ್ತದೆ, ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ. ರೀಲು ಮುಗಿಯೋ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕಿ ಮಿನುಗ್ತದೆ. ಅದು ಕಂಡ ಕೂಡಲೇ ಇನ್ನೊಂದು ಮಶೀನ್ ಓಡಿಸ್ಬೇಕು. ಈಗಲೂ ಹಳೇ ಸಿನಿಮಾ ಟೀವಿಯಲ್ಲಿ ಬಂದರೆ ನನ್ನ ಕಣ್ಣು ಕಥೆ ಬಿಟ್ಟು ಆ ಮೂಲೆಗೇ ಹೋಗ್ತದೆ.

ಮೇಷ್ಟ್ರಮ್ಮ
ರಾಯರೇ, ಆ ಚುಕ್ಕಿಯನ್ನು ನಾನು ಇಷ್ಟು ವರ್ಷ ರೀಲಿನ ಗಾಯ ಅಂದುಕೊಂಡಿದ್ದೆ.

ಡಲ್ಲಾಸ್‌_ಕನ್ನಡಿಗ
ರಾಯರ ಮಾತಿಗೆ ಒಂದು ಸೇರಿಸ್ತೀನಿ. ಥಿಯೇಟರ್ ಪರದೆಯ ಬೆಳಕಿನ ಮಾನದಂಡ 14 ಫುಟ್ ಲ್ಯಾಂಬರ್ಟ್, ಅಂದ್ರೆ 48 ನಿಟ್. ನಮ್ಮ ಫೋನುಗಳು 500 ನಿಟ್ ದಾಟ್ತಾವೆ. ಆದ್ರೂ ಥಿಯೇಟರಲ್ಲಿ ಚಿತ್ರ ಜೀವ ತುಂಬಿ ಕಾಣುತ್ತೆ, ಯಾಕಂದ್ರೆ ಸುತ್ತ ಕತ್ತಲೆ.

ಬೆಳಕಿಂಡಿ
ಕಾಂಟ್ರಾಸ್ಟ್, ಅಂದ್ರೆ ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತೆ ಅನ್ನೋ ವಿಷಯ ಅಲ್ಲೇ ಇರೋದು. ಯಾವ ಪ್ರೊಜೆಕ್ಟರೂ ಕಪ್ಪು ಬಣ್ಣ ಎಸೆಯಲ್ಲ. ಕಪ್ಪು ಅಂದ್ರೆ ಬೆಳಕು ಬೀಳದ ಗೋಡೆ. ಟ್ಯೂಬ್‌ಲೈಟಲ್ಲಿ ನಿಮ್ಮ ಗೋಡೆ ಬಿಳಿ ಇದ್ರೆ, ಸಿನಿಮಾದ ಕತ್ತಲೆಯೂ ಬಿಳಿಯೇ. 10000:1 ಅಂತ ಬರೆಯೋರು ಒಮ್ಮೆ ಪೂರ್ತಿ ಬಿಳಿ, ಇನ್ನೊಮ್ಮೆ ಪೂರ್ತಿ ಕಪ್ಪು ಬೇರೆಬೇರೆಯಾಗಿ ಅಳೀತಾರೆ, ಕಪ್ಪಿನ ಸರದಿ ಬಂದಾಗ ದೀಪವನ್ನೇ ತಗ್ಗಿಸೋರೂ ಇದಾರೆ. ಚದುರಂಗದ ಮಣೆ ಥರ 16 ಚೌಕ ಒಟ್ಟಿಗೆ ಬಿಟ್ಟು ಅಳೆಯೋ ಆನ್ಸಿ ಕಾಂಟ್ರಾಸ್ಟ್ ಬೇರೆ. ಅದ್ರಲ್ಲಿ ಒಳ್ಳೊಳ್ಳೆ ಯಂತ್ರಗಳೂ ನೂರರ ಲೆಕ್ಕಕ್ಕೆ ಇಳೀತಾವೆ. ಅದನ್ನ ಡಬ್ಬಿ ಮೇಲೆ ಯಾರೂ ಬರೆಯಲ್ಲ.

ಹುಬ್ಬಳ್ಳಿಯಾಂವ
ಎಚ್‌ಡಿಆರ್?

ಬೆಳಕಿಂಡಿ
ಗಾಢ ಕಪ್ಪು, ಹೊಳೆಯೋ ಬಿಳಿ ಎರಡನ್ನೂ ಒಟ್ಟಿಗೆ ತೋರಿಸೋ ಪದ್ಧತಿ ಅದು. ಈ ಬೆಲೆಗೆ ಅದರ ಹೆಸರೂ ಎತ್ತಬೇಡಿ.

ಅಡಿಕೆತೋಟ
ಅಳೆದೆ. ಪೂರ್ತಿ ಬಿಳಿ ಫೋಟೋ ಹಾಕಿ, ಗೋಡೆಗೆ 9 ಕಡೆ ಸೀಮೆಸುಣ್ಣದ ಗುರುತು. ಹಾಲ್ ಕತ್ತಲೆ. ನಡುವೆ 70 ಲಕ್ಸ್. ನಾಲ್ಕು ಪಕ್ಕ 45ರ ಆಸುಪಾಸು. ನಾಲ್ಕು ಮೂಲೆ 28. ಸರಾಸರಿ 40. ನಾಲ್ಕು ಚದರ ಮೀಟರ್, ಅಂದ್ರೆ 160 ಲುಮೆನ್. ಖಜಾಂಚಿಯವರು ತಾವೇ ಕ್ಯಾಲ್ಕುಲೇಟರ್ ಒತ್ತಿದ್ರು, ಎರಡು ಸಲ. 9000 ಭಾಗಿಸು 160, ಐವತ್ತಾರು. "ಅಡಿಕೆ ವ್ಯಾಪಾರಿಯೂ ತೂಕದಲ್ಲಿ ಇಷ್ಟು ಹೊಡೆಯಲ್ಲ" ಅಂದ್ರು.

ಸ್ಪೆಕ್ಸ್‌ಗುರು
ಫೋನ್ ಸೆನ್ಸರ್ ಅರ್ಧ ತೋರಿಸ್ತಿದ್ರೂ 320. ಹೋಗ್ಲಿ, ಈ ಸಲ ಫೋನನ್ನ ಒಪ್ಕೋತೀನಿ.

ಕಬ್ಬಿನಗದ್ದೆ
ಸ್ಪೆಕ್ಸ್‌ಗುರು ಒಪ್ಕೊಂಡ್ರು! ಸ್ಕ್ರೀನ್‌ಶಾಟ್ ತೆಗೆದಿಟ್ಕಳಿ.

ಅಡಿಕೆತೋಟ
ವಾಪಸ್ ಹಾಕಿದೆ, ದುಡ್ಡು ಬರುತ್ತಂತೆ. ಈಗ ಏನು ತಗೊಳ್ಳೋದು? ಶಿವಮೊಗ್ಗದಲ್ಲಿ ಬಾಗಿಲು ಹಾಕಿದ ಒಂದು ಟ್ಯೂಷನ್ ಸೆಂಟರಿಂದು ಹಳೇ ತ್ರೀ ಎಲ್‌ಸಿಡಿ ಇದೆ, 3300 ಲುಮೆನ್, 1280×800, ಕೇಳ್ತಿರೋದು 16,000.

ಬೆಳಕಿಂಡಿ
ಹೋಗಿ ಮೆನುವಲ್ಲಿ ಲ್ಯಾಂಪ್ ಅವರ್ ನೋಡಿ. ಒಳಗಿರೋದು ಪಾದರಸದ ದೀಪ, ಬೆಳಕು ಅರ್ಧಕ್ಕೆ ಇಳಿಯೋ ತನಕದ್ದನ್ನ ಆಯಸ್ಸು ಅಂತಾರೆ, ಮಾಡೆಲ್ ನೋಡಿ 3000ದಿಂದ 5000 ಗಂಟೆ. ಲೇಸರ್ ಆದ್ರೆ 20,000 ಅಂತಾರೆ, ಆದ್ರೆ ಅದು ನಿಮ್ಮ ಬಜೆಟ್ಟಲ್ಲ. ಮೀಟರ್ ಸೊನ್ನೆ ಮಾಡಿ ಮಾರೋರೂ ಇದಾರೆ, ಆದ್ದರಿಂದ ನಿಮ್ಮ ಫೋನನ್ನೂ ಸೀಮೆಸುಣ್ಣವನ್ನೂ ಜೊತೆಗೆ ಒಯ್ಯಿರಿ.

ಥ್ರೋ ರೇಶಿಯೋ ಕೂಡ ಕೇಳ್ಕೊಳಿ. ದೂರವನ್ನ ಚಿತ್ರದ ಅಗಲದಿಂದ ಭಾಗಿಸಿದ್ರೆ ಬರೋ ಸಂಖ್ಯೆ ಅದು. 1.5 ಇದ್ರೆ, 2.66 ಮೀಟರ್ ಅಗಲಕ್ಕೆ 4 ಮೀಟರ್ ಹಿಂದೆ ಇಡ್ಬೇಕು. ಆ ಜಾಗದಲ್ಲಿ ಚಪ್ಪರದ ಕಂಬ ಬರುತ್ತಾ ನೋಡಿ.

ಒಂದು ಮಾತು ಮರೀಬೇಡಿ: ಆ ದೀಪದ ಯಂತ್ರಕ್ಕೆ ಯುಪಿಎಸ್ ಬೇಕೇ ಬೇಕು. ಕರೆಂಟ್ ಹೋದ್ರೆ ಫ್ಯಾನ್ ನಿಲ್ಲುತ್ತೆ, ದೀಪ ತನ್ನ ಕಾವಲ್ಲಿ ತಾನೇ ಬೇಯುತ್ತೆ. ಆರಿಸಿದ ಮೇಲೂ ಫ್ಯಾನ್ ತಾನಾಗಿ ನಿಲ್ಲೋ ತನಕ ಪ್ಲಗ್ ಕೀಳಬೇಡಿ.

ರೀಲುರಾಯ
ಪರದೆಗೆ ಪಂಚೆ ಕಟ್ಟಬೇಡಿ. ಅರ್ಧ ಬೆಳಕು ಹಿಂದಕ್ಕೆ ದಾಟಿ ಹೋಗ್ತದೆ. ದಪ್ಪ ಬಟ್ಟೆ, ಹಿಂದೆ ಕಪ್ಪು ಅಸ್ತರಿ. ನಾಲ್ಕೂ ಕಡೆ ಹಗ್ಗ ಎಳೆದು ಕಟ್ಟಿ, ಗಾಳಿಗೆ ನಾಯಕಿ ಹೊಟ್ಟೆ ಉಬ್ಬಬಾರದು.

ಅಡಿಕೆತೋಟ
ಹಬ್ಬ ಮುಗೀತು, ಅಪ್‌ಡೇಟ್ ಕೊಡ್ಬೇಕು ಅನ್ನಿಸ್ತು.

ಲ್ಯಾಂಪ್ ಅವರ್ 1,860 ಇತ್ತು. ಅಲ್ಲೇ ಅಳೆದೆ, ಸರಾಸರಿ 460 ಲಕ್ಸ್, 1800 ಚಿಲ್ಲರೆ ಲುಮೆನ್. ಅರ್ಧ ಆಯಸ್ಸು ಹೋಗಿದೆ ಅಂತ ಚೌಕಾಸಿ ಮಾಡಿ 13,000ಕ್ಕೆ ತಂದ್ವಿ. ಮೊದಲ ರಾತ್ರಿ ಚಪ್ಪರದ ಬಲ್ಬ್ ಉರೀತಿರುವಾಗಲೇ ಚಿತ್ರ ಕಾಣ್ತು. ಎರಡನೇ ಹಾಡಿಗೆ ಕರೆಂಟ್ ಹೋಯ್ತು. ಸ್ಪೀಕರ್ ಸತ್ತು, ಊರೆಲ್ಲ ಕತ್ತಲೆ, ಪರದೆ ಮೇಲೆ ಮಾತ್ರ ಮೂಕಿ ಚಿತ್ರ ಓಡ್ತಿದೆ, ಯುಪಿಎಸ್ ಕೀಂ ಕೀಂ ಅಂತಿದೆ. ಖಜಾಂಚಿ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಬೆಳಕಿಗೆ ಮಳೆಹುಳ ಬಂದು ಲೆನ್ಸ್ ಮುಂದೆ ಕೂತ್ರೆ ಪರದೆ ಮೇಲೆ ಹದ್ದಿನಷ್ಟು ನೆರಳು, ಮಕ್ಕಳಿಗೆ ಸಿನಿಮಾಗಿಂತ ಅದೇ ಖುಷಿ.

ಮೇಲೆ ಕೆಳಗೆ ಎರಡು ಪಟ್ಟಿ ಬರುತ್ತೆ, ಅದೇನು?

ಸ್ಪೆಕ್ಸ್‌ಗುರು
1280×800 ಅಂದ್ರೆ 16:10 ಅಳತೆ. ಸಿನಿಮಾ ಇರೋದು 16:9 ಅಥವಾ ಇನ್ನೂ ಅಗಲ. ಅದು ದೋಷ ಅಲ್ಲ.

ಕುಡ್ಲದ_ಮಾಣಿ
ಮೊರ ಹೇಗುಂಟು?

ಅಡಿಕೆತೋಟ
ಕೀಸ್ಟೋನ್ ಮುಟ್ಟೇ ಇಲ್ಲ. ಟೇಬಲ್ ಮೇಲೆ ಎರಡು ಇಟ್ಟಿಗೆ, ಮೇಲೊಂದು ಹಳೇ ಪಂಚಾಂಗ. ನೆಟ್ಟಗಿದೆ.